ಚಾಮಿ ಕೇಳುವ ಪ್ರಶ್ನೆ

ಕಂಪಲಾಪುರ
೧೮ ನವೆಂಬರ್ ೧೯೭೪

ಚಿಕ್ಕಸಿದ್ದಮ್ಮನಿಗೆ, ಮೈಸೂರಿನ ಆಸ್ಪತ್ರೆಯ ಸುನಂದಕ್ಕ ನಿನ್ನದೇ ಮನೆಯ ಜಗಲಿಯಿಂದ ಬರೆಯುವುದು.

ನಾಲ್ಕನೇ ಕ್ಲಾಸು ಓದಿದವಳು ನೀನು, ಇದನ್ನು ನೀನೇ ಓದು. ಕೂಡಿಸಿ ಕೂಡಿಸಿ ಓದಿದರೂ ಸರಿ, ನಿಮ್ಮ ಅಣ್ಣನ ಕೈಗೆ ಕೊಡಬೇಡ. ನಾನು ಕೂತು ಬರೆಯುತ್ತಿದ್ದೇನೆ ಅಂದರೆ ಸುಳ್ಳಾಗುತ್ತದೆ. ಎರಡು ಸಾಲಿಗೊಮ್ಮೆ ಎದ್ದು ಅಂಗಳ ಸುತ್ತಿ ಬರುತ್ತಿದ್ದೇನೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ನಿಮ್ಮತ್ತೆ ಮರಮ್ಮ ಆಡಿಕೊಳ್ಳುತ್ತಿದ್ದಾರೆ.

ಭಾನುವಾರ ನಿನ್ನ ಗಂಡ ಮಾದೇವ ನಿನ್ನನ್ನು ಕರೆತರಲು ನಿನ್ನ ತವರು ರಾವಂದೂರಿಗೆ ಬಂದು, ಬರಿಗೈಲಿ ವಾಪಸಾದನಂತೆ. ನೀನು ಅಂದದ್ದನ್ನು ತಲೆ ತಗ್ಗಿಸಿಕೊಂಡು ಹೇಳಿದ. “ನಾ ಬಂದ್ರೆ ಮಗೀಗೆ ಇನ್ನೂ ಕೆಡ್ತದೆ ಕಣ, ನನ್ನೆದೇಲಿ ಪ್ರೀತಿನೇ ಇಲ್ವಂತೆ, ಡಾಕ್ಟ್ರೇ ಅಂದವ್ರೆ.” ಕೇಳಿ ನನ್ನ ಮೈ ಉರಿದುಹೋಯಿತು. ನಿನ್ನ ಮೇಲಲ್ಲ ಮಾರಾಯ್ತಿ, ನಮ್ಮ ದೊಡ್ಡ ಡಾಕ್ಟರ ಮೇಲೆ.

ಅವರು ನಿನ್ನ ಮಗಳು ಚಾಮಿಯನ್ನು ನೋಡಲು ಬಂದ ದಿನ ನಾನು ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಇನ್ನೊಂದು ಮಗುವಿನ ಮನೆಯಲ್ಲಿದ್ದೆ. ಇಲ್ಲಿದ್ದಿದ್ದರೆ ಅವರ ಬಾಯಿ ಮುಚ್ಚಿಸುತ್ತಿದ್ದೆ. ಮಗುವಿಗೆ ಇರುವುದು ಆಟಿಸಂ ಅಂದದ್ದು ಸರಿ. ತಾಯಿಯ ಎದೆ ತಣ್ಣಗಿದ್ದರೆ ಹೀಗಾಗುತ್ತದೆ ಅಂದರಲ್ಲ, ಅದು ಯಾವುದೋ ವಿಲಾಯತಿ ಪುಸ್ತಕದ ಮಾತು. ನೀನು ಮಗುವನ್ನು ಎತ್ತಿಕೊಳ್ಳಲಿಲ್ಲ, ಮುದ್ದಿಸಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ ಅಂತ ಬರೆದುಕೊಂಡಿದ್ದಾರೆ. ಅತ್ತೆ ಮಾವ ಎದುರಿಗಿರುವಾಗ ಯಾವ ಸೊಸೆ ತನ್ನ ಮಗುವನ್ನು ಮುದ್ದಾಡುತ್ತಾಳೆ? ಹೆತ್ತ ತಾಯಿಯ ದೃಷ್ಟಿಯೇ ಮೊದಲು ತಾಗುವುದು ಅಂತ ನೀನು ಅವಳು ಉಣ್ಣುವಾಗಲೂ ಮುಖ ತಿರುಗಿಸುವವಳು. ಆ ಪುಸ್ತಕ ಬರೆದವರು ಕಂಪಲಾಪುರದಲ್ಲಿ ಅತ್ತೆಯ ಮುಂದೆ ಸೊಸೆಯಾಗಿ ಒಂದು ದಿನವೂ ನಿಂತಿಲ್ಲ ಅಂತ ಡಾಕ್ಟರಿಗೆ ಮುಖಕ್ಕೇ ಹೇಳಿದೆ. ನನ್ನ ಕೆಲಸ ಉಳಿಯುತ್ತೋ ಬಿಡುತ್ತೋ, ಆಮೇಲಿನ ಮಾತು.

ಈಗ ಮುಖ್ಯ ವಿಷಯ. ನೀನು ಹೋದಮೇಲೆ ಚಾಮಿಯ ರಂಪ ಹೆಚ್ಚಾಗಿದೆ ಅಂತ ಊರೆಲ್ಲ ಹೇಳುತ್ತಿತ್ತು. ಕೈ ಕಚ್ಚಿಕೊಳ್ಳುವುದು, ಕಂಬಕ್ಕೆ ತಲೆ ಚಚ್ಚಿಕೊಳ್ಳುವುದು. ಬಂದು ನೋಡುತ್ತಾ ಕೂತೆ. ಚಾಮಿ ಅಜ್ಜಿಯ ಮುಂದೆ ಹೋಗಿ, ಅವರ ಮುಖ ನೋಡದೆ, ಗೋಡೆ ನೋಡುತ್ತಾ “ಉಂಡ್ಯಾ?” ಅಂದಳು. ಮರಮ್ಮ ಮೊರದಲ್ಲಿ ರಾಗಿ ಕೇರುತ್ತಾ “ಉಂಡೆ ಕಣವ್ವ” ಅಂದರು. ಪಕ್ಕದ ಮನೆಗೆ ಹೋಗಿ ಅದೇ ಕೇಳಿದಳು, ಅವರೂ ಆಯ್ತವ್ವ ಅಂದರು. ಮಾತು ಬಾರದ ಮಗು ಎಷ್ಟು ಮರ್ಯಾದೆಯಿಂದ ವಿಚಾರಿಸುತ್ತದೆ ಅಂತ ಎಲ್ಲರಿಗೂ ಸಂತೋಷ. ಅವಳು ಅಲ್ಲೇ ನಿಂತಳು, ನಿಂತು ಕಿರುಚಿದಳು.

ಇವಳಿಗೆ ಆ ಮಾತು ಎಲ್ಲಿಂದ ಬಂತು ಅಂತ ಮಾದೇವನನ್ನು ಕೇಳಿದೆ. ನೀನು ಹೊಲದಿಂದ ಬಂದು ಕೈಕಾಲು ತೊಳೆದವಳೇ, ಹಟ್ಟಿಯ ಹಿಂದೆ ಯಾರಿಗೂ ಕಾಣದಂತೆ ಕೂತು, ಉಂಡ್ಯಾ ಮಗ ಅಂತ ಕೇಳಿ, ಉತ್ತರಕ್ಕೂ ಕಾಯದೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದೆಯಂತೆ. ತಿಳಿಯಿತೇ? ನಮಗೆಲ್ಲ ಅದು ಕ್ಷೇಮ ಕೇಳುವ ಮಾತು. ಅವಳಿಗೆ ಅದು ತುತ್ತಿನ ಹೆಸರು. ಹಸಿವಾದಾಗ, ತುತ್ತಿಗೆ ಮೊದಲು ಕಿವಿಗೆ ಬಿದ್ದದ್ದನ್ನೇ ಒಪ್ಪಿಸುತ್ತಾಳೆ. ಇಂಥ ಮಕ್ಕಳು ಮಾತನ್ನು ಹೀಗೇ ಇಡಿಯಾಗಿ ಎತ್ತಿಕೊಳ್ಳುತ್ತಾರೆ, ಅವರ ಬಾಯಲ್ಲಿ ‘ನಾನು’, ‘ನೀನು’ ಅದಲು ಬದಲಾಗುತ್ತದೆ.

ಮುದ್ದೆ, ಸೊಪ್ಪಿನ ಸಾರು ಕೊಡಿಸಿದೆ. ಗಬಗಬನೆ ಉಂಡಳು. ಮರಮ್ಮ ಮೊರ ಬಿಟ್ಟು ತಲೆ ಮೇಲೆ ಕೈ ಹೊತ್ತು ಕೂತರು. “ಮಗ ಅಸ್ಕಂಡು ಕೇಳ್ತಿದ್ರೆ ಉಂಡೆ ಉಂಡೆ ಅಂದ್ಬುಟ್ನಲ್ಲ” ಅಂತ ಅತ್ತರು. ಈಗ ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೇನೆ, ಅವಳು ಕೇಳಿದರೆ ಉತ್ತರ ಹೇಳಬೇಡಿ, ಊಟ ಕೊಡಿ, ಕೊಡುವಾಗ “ಊಟ ಕೊಡು” ಅಂತ ಅವಳ ಪರವಾಗಿ ನೀವೇ ಅನ್ನಿ ಅಂತ.

ಚಾಮಿ ಎಲ್ಲರ ಹಾಗೆ ಆಗುತ್ತಾಳೆ ಅಂತ ನಾನು ಹೇಳಲಾರೆ. ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಂಡರೆ ನಾಳೆ ನೀನೇ ನನ್ನನ್ನು ಉಗಿಯುತ್ತೀಯ. ಆದರೆ ಇದು ನಿನ್ನಿಂದ ಬಂದದ್ದಲ್ಲ, ಕಣೇ. ಆಡುವ ಮೊದಲ ಮಾತನ್ನು ಅವಳು ನಿನ್ನ ಬಾಯಿಂದ ತೆಗೆದುಕೊಂಡಿದ್ದಾಳೆ. ಪ್ರೀತಿಯಿಲ್ಲದವಳ ಬಾಯಿಂದ ಮಗು ಮಾತು ಕಲಿಯುತ್ತದೆಯೇ? ನಿನಗೆ ಯಾರ ಮೇಲೆ ಸಿಟ್ಟಿದ್ದರೂ ಇಲ್ಲಿಗೆ ಬಂದು ತೀರಿಸಿಕೋ. ಬೆಳಗಿನ ಬಸ್ಸಿಗೆ ಮಾದೇವ ಕಾಯುತ್ತಾನೆ.

ನಿನ್ನ ದಾರಿ ನೋಡುತ್ತಾ,
ಸುನಂದಕ್ಕ

ಮ.ವಿ.: ಒಂದು ಮಾತನ್ನು ಮೇಲೆ ಬೇಕಂತಲೇ ಬಿಟ್ಟಿದ್ದೆ, ನಿನ್ನ ಕರುಳು ಹಿಂಡಿ ಎಳೆದುಕೊಂಡೆ ಅನ್ನಿಸಬಾರದು ಅಂತ. ಆದರೆ ತಡೆಯಲು ಆಗುತ್ತಿಲ್ಲ. ನೀನು ಹೋದಾಗಿನಿಂದ ಬಾವಿಗೆ ಬರುವ ಹೆಂಗಸರು ದಿನಾ ಚಾಮಿಯನ್ನು ಒಂದೇ ಮಾತು ವಿಚಾರಿಸುತ್ತಾರೆ, ಈಗ ಅದನ್ನೇ ಅವಳು ಬಸ್ಸಿಳಿದವರನ್ನೆಲ್ಲ ಕೇಳುತ್ತಾಳೆ. ಇವತ್ತು ನನ್ನ ಸೆರಗು ಹಿಡಿದು ಕೇಳಿದಳು. “ನಿಮ್ಮವ್ವ ಬಂದ್ಲಾ?” ನಮ್ಮವ್ವ ಕೆ.ಆರ್. ನಗರದಲ್ಲಿದ್ದಾಳೆ ಅಂತ ಹೇಳಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡೆ.