ಹಿಮ್ಮಡಿಯವರೆಗೆ ಬಂದ ಸಾಕ್ಸ್

ಆಗಸ್ಟ್ 4, ಬೆಳಿಗ್ಗೆ 11

ಆಚೆಮನೆಯ — ಗಡಿಯಾಚೆಯ ದೇಶಕ್ಕೆ ನಾವಿಟ್ಟ ಹೆಸರು — ಟೆಸ್ಟ್ ಮೆಸೇಜ್ ಬಂತು. ಲೈನ್ ಸರಿಯಾಗಿದೆ. ಎರಡೂ ದೇಶಗಳ ಹತ್ತಿರ ಅಣುಬಾಂಬ್ ಇರುವಾಗ ಹಾಟ್‌ಲೈನ್ ಕೆಡಬಾರದಲ್ಲ — ಅದಕ್ಕೇ ದಿನಾ ಈ ಟೆಸ್ಟ್. ರಾಜಕೀಯ ಬರೆಯುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಸ್ವಂತ ವಿಷಯವಂತೂ ಇಲ್ಲವೇ ಇಲ್ಲ. ನಾವು ಸೈಕಲ್ ರಿಪೇರಿ ಪುಸ್ತಕದಿಂದ ಒಂದೊಂದು ಪ್ಯಾರಾ ಕಳಿಸುತ್ತೇವೆ. ಅವರದು ಮಗುವಿನ ಉಲ್ಲನ್ ಸಾಕ್ಸ್ ಹೆಣೆಯುವ ಪಾಠ. ಆಚೆ ಕೂತಿರುವುದು ಹೆಂಗಸೇ ಇರಬೇಕು. ಗಂಡಸಾದರೂ ಒಳ್ಳೆಯವನೇ.

ಮನೆಗೆ ಬಂದು ಹಾಗೇ ಹೆಣೆಯುತ್ತಿದ್ದೇನೆ. ನವೆಂಬರ್‌ಗೆ ಬೇಕಲ್ಲ. ಹೊಟ್ಟೆಯ ಒಳಗಿರುವವರು ಒದೆಯುವ ರಭಸ ನೋಡಿದರೆ ಸಾಕ್ಸ್ ಗಟ್ಟಿಯಾಗಿಯೇ ಇರಬೇಕು.

ಆಗಸ್ಟ್ 19

ಇವರು ಕುಣಿಯುತ್ತಾ ಮನೆಗೆ ಬಂದರು. ಇವರ ಗುಂಪು ಕಟ್ಟುತ್ತಿರುವ ‘ಗುರಾಣಿ’ಗೆ — ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದು ಬೀಳಿಸುವ ಕ್ಷಿಪಣಿ — ಸರ್ಕಾರ ಒಪ್ಪಿದೆಯಂತೆ. ಮುಂದಿನ ತಿಂಗಳು ಪ್ರಯೋಗ.

“ಇದು ಯಾರನ್ನೂ ಕೊಲ್ಲಲ್ಲ ಕಣೇ, ಬರೀ ತಡೆಯುತ್ತೆ. ಆಚೆಯವರಿಗ್ಯಾಕೆ ಹೊಟ್ಟೆಉರಿ?”

“ಇಷ್ಟು ದಿನ ಇಬ್ಬರ ಕೈಲೂ ಕತ್ತಿ ಇತ್ತು, ಇಬ್ಬರೂ ಹೆದರಿ ಸುಮ್ಮನಿದ್ರು. ಈಗ ಒಬ್ಬರಿಗೆ ಮಾತ್ರ ಗುರಾಣಿ ಬಂದ್ರೆ? ‘ಇವರು ಹೊಡೆದ್ರೂ ತಿರುಗಿ ಹೊಡೆಯೋಕಾಗಲ್ಲ’ ಅಂತ ಅವರಿಗೆ ಅನ್ನಿಸಲ್ವಾ?”

“ನೀನು ಆಚೆಮನೆ ಪಕ್ಷ ಬಿಡು.”

“ನಾನು ಹೊಟ್ಟೆಯೊಳಗಿರೋದರ ಪಕ್ಷ ರೀ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನಮ್ಮದು ಉಣ್ಣುವ ತನಕವೂ ಬಾಳಲಿಲ್ಲ. ಉಲ್ಲನ್ ಉಂಡೆ ಹಿಡಿದುಕೊಂಡು ಪಕ್ಕದಲ್ಲಿ ಕೂತರು. ಎಳೆ ಬಿಡುವುದರಲ್ಲೂ ಎಂಜಿನಿಯರ್ ಗತ್ತು! ಮುದ್ದು ಬಂತು.

ಸೆಪ್ಟೆಂಬರ್ 23, ಮಧ್ಯಾಹ್ನ

ಗುರಾಣಿ ಹಾರಿಸಿದರು. ಆಚೆಮನೆಗೆ ಮೊದಲೇ ತಿಳಿಸಲೇ ಇಲ್ಲ. ಕ್ಷಿಪಣಿ ಪ್ರಯೋಗವಾದರೆ ತಿಳಿಸುವ ವಾಡಿಕೆ ಇದೆ, ಗುರಾಣಿಗೆ ಯಾಕೆ ಎಂದು ಮೇಲಿನವರ ವಾದ. ಮೇಲೇರುವುದು ಗುರಾಣಿಯೋ ಬಾಂಬೋ ಎಂದು ಅವರ ರಾಡಾರ್‌ಗೆ ಎಲ್ಲಿ ಗೊತ್ತಾಗಬೇಕು? ಲೈನಿನಲ್ಲಿ ಒಂದೇ ಸಾಲು ಬಂತು: ‘ಮೇಲೇಳುತ್ತಿರುವುದು ಏನು?’

ನಮ್ಮ ಆಫೀಸಿನ ಸಾಹೇಬರು ಫೋನ್ ಹಿಡಿದು ಮೇಲಿನವರ ಅಪ್ಪಣೆಗೆ ಕಾಯುತ್ತಾ ನಿಂತರು. “ಏನೂ ಕಳಿಸ್ಬೇಡಮ್ಮ.” ಆದರೆ ನಮ್ಮ ಟೆಸ್ಟ್ ಕಳಿಸುವ ಹೊತ್ತಾಗಿತ್ತು. ದಿನಾ ಕಳಿಸುವವರು ಇವತ್ತೇ ಸುಮ್ಮನಾದರೆ ಅವರು ಏನೆಂದುಕೊಂಡಾರು? ಟೈಪ್ ಮಾಡಿಬಿಟ್ಟೆ: ‘ಇದು ಟೆಸ್ಟ್. ಸಾಕ್ಸ್ ಹಿಮ್ಮಡಿಯವರೆಗೆ ಬಂದಿದೆ. ನವೆಂಬರ್‌ನಲ್ಲಿ ನನಗೆ ಮಗು ಹುಟ್ಟಲಿದೆ.’

ಸ್ವಂತ ವಿಷಯ. ಮಾಡಬಾರದ ತಪ್ಪು. ಆದರೆ ಯುದ್ಧಕ್ಕೆ ಹೊರಟವರು ನವೆಂಬರ್ ಮಾತಾಡುತ್ತಾರೆಯೇ?

ಎಷ್ಟೋ ಹೊತ್ತಿನ ಮೇಲೆ ಉತ್ತರ — ‘ಟೆಸ್ಟ್ ತಲುಪಿತು. ಕಾಯುತ್ತೇವೆ.’ ಆಮೇಲೆ ಸಾಹೇಬರಿಗೆ ಅಪ್ಪಣೆ ಸಿಕ್ಕಿ, ಅದು ಪ್ರಯೋಗವೆಂದು ತಿಳಿಸಿದರು. ಬಾತ್‌ರೂಮಿಗೆ ಹೋಗಿ ಅತ್ತೆ.

ಸೆಪ್ಟೆಂಬರ್ 24

ಹೆರಿಗೆ ರಜೆ ಇವತ್ತಿನಿಂದಲೇ ತೊಗೋ ಎಂದರು ಸಾಹೇಬರು. ಬೈಯಲಿಲ್ಲ, ಅದೇ ಭಯ. ಆಚೆಮನೆಯವರು ಸಿಟ್ಟಿನಿಂದ ಟೆಸ್ಟ್ ನಿಲ್ಲಿಸಿದ್ದಾರೆ. ಹಿಮ್ಮಡಿ ಪಾಠಕ್ಕೆ ಮೊದಲೇ. ಅಂಗಡಿಯಲ್ಲಿ ಪುಸ್ತಕ ಸಿಗುತ್ತೆ ಎಂದರು ಇವರು. ಬೇಡ. ಆಚೆಮನೆಯವಳೇ ಹೇಳಬೇಕು.

ಅಕ್ಟೋಬರ್ 9

ಇವರು ಅರ್ಧ ಸಾಕ್ಸ್ ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

“ಅವತ್ತು ಪರದೆ ನೋಡಿ ಚಪ್ಪಾಳೆ ತಟ್ತಾ ಇದ್ದೆ ಕಣೇ. ನೀನು ಅಲ್ಲಿ, ಹೊಟ್ಟೆ ಹೊತ್ಕೊಂಡು…”

ಮೊದಲೇ ತಿಳಿಸದೆ ಇನ್ನೊಂದು ಪ್ರಯೋಗಕ್ಕೆ ತನ್ನ ಸಹಿ ಇಲ್ಲ ಎಂದು ಮೀಟಿಂಗಿನಲ್ಲಿ ಹೇಳಿ ಬಂದಿದ್ದಾರೆ. ಕೆಲಸ ಹೋದರೆ ಹೋಗಲಿ ಎಂದೆ. ಈ ಮನುಷ್ಯನನ್ನು ಕಟ್ಟಿಕೊಂಡಿದ್ದಕ್ಕೆ ಇವತ್ತು ಹೆಮ್ಮೆ.

ಅಕ್ಟೋಬರ್ 27, ಸಂಜೆ

ಆಫೀಸಿನ ಗೆಳತಿ ಓಡಿಬಂದಳು. ಇನ್ನು ಮೇಲೆ ಗುರಾಣಿಗೂ ಮೊದಲೇ ತಿಳಿಸುವುದೆಂದು ಒಪ್ಪಂದವಾಗಿದೆಯಂತೆ. ಲೈನ್ ಮತ್ತೆ ಶುರು!

“ಮೊದಲನೇ ಮೆಸೇಜೇ ಹಿಮ್ಮಡಿ ಕಣೇ. ಬಾಯಿಪಾಠ ಮಾಡ್ಕೊಂಡು ಬಂದೆ.”

ಒಪ್ಪಿಸಿದಳು. ಕೊನೆಯ ಸಾಲು: ‘ಅವಸರ ಬೇಡ. ನವೆಂಬರ್‌ಗೆ ಇನ್ನೂ ದಿನಗಳಿವೆ.’

ಆಚೆಮನೆಯವಳು ನೆನಪಿಟ್ಟುಕೊಂಡಿದ್ದಾಳೆ. ಅವಳೂ ರೂಲ್ ಮುರಿದಳು.

ಅದೇ ದಿನ, ಮತ್ತೆ

ಸಾಕ್ಸ್‌ನ ಹಿಮ್ಮಡಿ ತಿರುಗಿತು. ಸೊಂಟ ಯಾಕೋ ಹಿಡಿದಂತೆ… ಅಯ್ಯೋ, ಮತ್ತೆ. ನವೆಂಬರ್ ಎಂದಿದ್ದರಲ್ಲ ಡಾಕ್ಟರು! ಒಳಗಿರುವವರಿಗೆ ಯಾವ ಒಪ್ಪಂದವೂ ಇಲ್ಲ. ಇವರು ಕಾರ್ ಕೀ ಹುಡುಕುತ್ತಿದ್ದಾರೆ — ಆಕಾಶದಲ್ಲಿ ಕ್ಷಿಪಣಿ ಹುಡುಕುವವರಿಗೆ ಮೇಜಿನ ಮೇಲಿನ ಕೀ ಕಾಣುತ್ತಿಲ್ಲ. ಉಲ್ಲನ್ ಬ್ಯಾಗಿಗೆ ಹಾಕಿಕೊಂಡೆ. ಬೆರಳಿನ ಕಡೆ ಇನ್ನೊಂದಿಷ್ಟು ಸಾಲು, ಆಮೇಲೆ ಎರಡನೆಯದು. ಆಚೆಮನೆಯವಳಿಗೆ ಯಾರಾದರೂ ಹೇಳಬೇಕು, ಅವಸರ ನನ್ನದಲ್ಲ —