ಆಗಸ್ಟ್ ಹದಿನೈದರ ನಂತರ ಜೈಲಿಗೆ ಹೋದವನು

ತಾಲ್ಲೂಕಿನ ದಂಡಾಧಿಕಾರಿಗಳೇ,

ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು ಕಚೇರಿಯ ಮುಂದೆ ನಿಲ್ಲಿಸಲಿರುವ ಕಲ್ಲಿನಲ್ಲಿ ನಮ್ಮೂರ ಈರಣ್ಣನ ಹೆಸರು ಕೆತ್ತಿಸಲು ನೀವು ಒಪ್ಪಲಿಲ್ಲ. ಸ್ವಾತಂತ್ರ್ಯ ಬಂದದ್ದು ೧೯೪೭ರ ಆಗಸ್ಟ್ ಹದಿನೈದಕ್ಕೆ, ಈರಣ್ಣ ಜೈಲಿಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಬಂದ ಮೇಲೆ ಹೋರಾಡಿದವನು ಹೋರಾಟಗಾರ ಹೇಗಾದಾನು ಎಂದು ಕೇಳಿದಿರಿ. ನಿಮ್ಮ ಗೋಡೆಯ ಕ್ಯಾಲೆಂಡರು ಕೆಂಪಕ್ಷರದಲ್ಲಿ ತೋರಿಸದೆ ಹೋದದ್ದು ಈ ನಾಡಿನಲ್ಲಿ ನಡೆದೇ ಇಲ್ಲವೇ?

ದೆಹಲಿಯಲ್ಲಿ ಬಾವುಟ ಏರಿದ ಮೇಲೂ ಮೈಸೂರು ಸಂಸ್ಥಾನದಲ್ಲಿ ದಿವಾನರ ಆಡಳಿತವೇ ನಡೆದಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿದದ್ದು ಸೆಪ್ಟೆಂಬರಿನಲ್ಲಿ. ಜನರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನ ಕೊನೆಗೆ. ಈ ನಡುವೆ ಲಾಠಿ ತಿಂದವರು ಯಾವ ದೇಶದವರು, ಸ್ವಾಮಿ?

ಮರ ಹತ್ತಿ ಕಾಯಿ ಕೀಳುವುದು ಈರಣ್ಣನ ಕಸುಬು. ಆ ತಿಂಗಳು ಅವನು ಊರಿನ ಅತಿ ಎತ್ತರದ ತೆಂಗಿನ ಮರದ ತುದಿಗೆ ಬಾವುಟ ಕಟ್ಟಿ ಇಳಿದ. ಪೊಲೀಸರಿಗೆ ಮರ ಹತ್ತಲು ಬರದು. ಹತ್ತಬಲ್ಲವರೆಲ್ಲ ಅವತ್ತು ಸೊಂಟ ನೋವೆಂದು ಮನೆಯಲ್ಲೇ ಕೂತರು. ಕೊನೆಗೆ ಕಾಯಿ ಹೊತ್ತಿದ್ದ ಮರವನ್ನೇ ಕಡಿಸಿ ಬಾವುಟ ಇಳಿಸಿದರು, ಈರಣ್ಣನನ್ನು ಬಡಿದು ಒಯ್ದರು. ಫಲದ ಮರಕ್ಕೆ ಕೊಡಲಿ ಹಾಕುವುದೆಂದರೆ ಈ ಸೀಮೆಯಲ್ಲಿ ಹೆತ್ತ ಮಗುವಿಗೇ ಹಾಕಿದಂತೆ ಎಂದು ನಿಮಗೆ ಯಾರೂ ಹೇಳಿಲ್ಲವೇ?

ಇದನ್ನೆಲ್ಲ ತಿಳಿಸಲು ನಾನೇ ಅವನನ್ನು ನಿಮ್ಮಲ್ಲಿಗೆ ಕರೆತಂದೆ. ನಿಮ್ಮ ಗುಮಾಸ್ತರು, “ಸೆಪ್ಟೆಂಬರಲ್ಲಿ ಒಳಗೋಗಿದ್ದೆ ಅಂದ್ರೆ ಕಾಯಿ ಕದ್ದಿರ್ಬೇಕು ಬುಡಯ್ಯ,” ಎಂದರು. ನೀವು ನಕ್ಕಿರಿ. ಈರಣ್ಣ ಇಷ್ಟೇ ಹೇಳಿದ: “ಸ್ವಾತಂತ್ರ್ಯ ಬಂದೈತೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣ್ರೀ. ಹೊಡ್ದೋರಿಗೂ ಯಾರೂ ಹೇಳಿರ್ಲಿಲ್ಲ.”

ನಿಮ್ಮ ಕಚೇರಿಯ ತಮಾಷೆ ನಮ್ಮೂರ ಪಕ್ಕದ ಕಿಬ್ಬನಹಳ್ಳಿಯ ಟೀ ಅಂಗಡಿ ದಾಟಿ ತೋಟತೋಟಕ್ಕೂ ತಲುಪಿದೆ. ಕಳ್ಳನ ಮನೆಯವರನ್ನು ಯಾರು ಮರ ಹತ್ತಿಸುತ್ತಾರೆ? ಈರಣ್ಣನ ಮಗ ಮಾಯಣ್ಣನನ್ನು ಈಗ ಕೆಲಸಕ್ಕೆ ಕರೆಯುವವರಿಲ್ಲ. ಈರಣ್ಣನ ಹೆಂಡತಿ ತಿಮ್ಮಕ್ಕ ನನ್ನ ಮುಖ ನೋಡಿಯೇ ಅಂದಳು: “ಹೆಸ್ರು ಕೆತ್ಸಕ್ಕೆ ಹೋಗಿ ಇದ್ದ ಹೆಸ್ರೂ ಹೋಯ್ತಲ್ಲಪ್ಪ.” ಅಲ್ಲಿಂದ ಎದ್ದು ಬಂದು ಈ ಕಾಗದ ಬರೆಯಲು ಕೂತೆ.

ಆದ್ದರಿಂದ ಕೇಳಿ. ಈ ಆಗಸ್ಟ್ ಹದಿನೈದರೊಳಗೆ ಈರಣ್ಣನ ಹೆಸರು ಕಲ್ಲಿನಲ್ಲಿರಬೇಕು, ಪಕ್ಕದಲ್ಲಿ ‘ಸೆಪ್ಟೆಂಬರ್ ೧೯೪೭’ ಎಂದೂ ಇರಬೇಕು. ಅದಕ್ಕೂ ಮೊದಲು ಜೀಪು ಹತ್ತಿ ನಮ್ಮೂರಿಗೆ ಬನ್ನಿ. ತೋಟದ ಯಜಮಾನರನ್ನೆಲ್ಲ ನಾನು ಸೇರಿಸುತ್ತೇನೆ. ಅಂದು ನಕ್ಕಷ್ಟೇ ಗಟ್ಟಿಯಾಗಿ, ಈರಣ್ಣ ಕಳ್ಳನಲ್ಲ ಎಂದು ಅವರೆದುರು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಅದೇ ಸೆಪ್ಟೆಂಬರಿನಲ್ಲಿ ಹುಟ್ಟಿ, ಸ್ವತಂತ್ರನೋ ಅಲ್ಲವೋ ಇನ್ನೂ ತಿಳಿಯದ
ಶ್ರೀರಂಗಯ್ಯ