ಅಳಿಸಿಹೋದ ಎಂಜಿನ್ ನಂಬರ್

ಅಕ್ಟೋಬರ್ 14, ಮಂಗಳವಾರ

ಕೊಕ್ಕನೂರಿನ ಓಬಯ್ಯನವರು ಪಾಲಿಶ್‌ಗೆ ಕೊಟ್ಟಿದ್ದ ಬುಲೆಟ್ ಬೈಕಿನ ಎಂಜಿನ್ ಕೇಸನ್ನು ಇವತ್ತು ಕೆಡಿಸಿಬಿಟ್ಟೆ. ನೋಡಿದವರು ಕೆಟ್ಟಿದೆ ಅನ್ನುವುದಿಲ್ಲ, ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಆದರೆ ಅದರ ಮೇಲೆ ಒತ್ತಿದ್ದ ನಂಬರ್ ಇಲ್ಲ.

ನಂಬರಿಗೆ ಟೇಪು ಹಚ್ಚಿಯೇ ಪಾಲಿಶ್ ಚಕ್ರಕ್ಕೆ ಹಿಡಿಯುವುದು ನನ್ನ ರೂಢಿ. ಇವತ್ತೂ ಹಚ್ಚಿದ್ದೆ. ಅದು ಯಾವಾಗ ಕಿತ್ತುಹೋಯಿತೋ ತಿಳಿಯಲಿಲ್ಲ. ಮೂರು ಅಂಕಿ ಉಳಿದಿವೆ. ಅವೂ ಬೆರಳಿಗೆ ಸಿಗುತ್ತವೆ, ಕಣ್ಣಿಗೆ ಕಾಣುವುದಿಲ್ಲ.

ಹೆಂಡತಿ ಶಾಂತಲಾ ಅಡುಗೆ ಬಿಟ್ಟು ಬಂದು ನೋಡಿದಳು. "ಮಖ ಕಾಣಂಗೆ ಮಾಡು ಅಂದಿದ್ರಲ್ಲ ಅವ್ರು, ಮಾಡೀರಿ. ಈಗ ನಿಮ್ಮ ಮಖಾನೇ ನೋಡ್ಕಂತ ಕೂಡ್ರಿ," ಅಂದಳು. ಆಮೇಲೆ ಅವಳೇ ಮೆಲ್ಲಗೆ, "ತಿರುಗಿ ಒತ್ತಾಕೆ ಬರಲ್ಲೇನ್ರಿ?" ಎಂದು ಕೇಳಿದಳು. ಒತ್ತಬಹುದು. ಆದರೆ ನಾನು ಒತ್ತಿದರೆ ಅದು ಕಳ್ಳಗಾಡಿಯ ಲೆಕ್ಕಕ್ಕೆ ಸೇರುತ್ತದೆ, ಪೊಲೀಸರು ಮೊದಲು ಓಬಯ್ಯನವರನ್ನೇ ಹಿಡಿಯುತ್ತಾರೆ. ಬರುವ ವಾರ ಅವರು ಗಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಬೇಕು. ಅಲ್ಲಿ ಮೊದಲು ನೋಡುವುದೇ ನಂಬರ್. ಅವರಪ್ಪ ಓಡಿಸಿದ ಗಾಡಿ ಅದು.

ಸಂಜೆ ಧೈರ್ಯ ಮಾಡಿ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಓಬಯ್ಯನವರು, "ಏನಪಾ ನಿಂಗರಾಜು, ಹೊಳೀತೈತಾ?" ಅಂದರು.

"ಹೊಳೀತೈತ್ರಿ," ಅಂದೆ.

ಅದೊಂದೇ ಮಾತು ಬಂತು. ನಾಳೆ ಬೆಳಿಗ್ಗೆಯೇ ಬರುತ್ತಾರಂತೆ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸುವಾಗ ನಾನು ಎದುರಿಗೇ ನಿಂತಿರಬೇಕೋ, ಒಳಗೆ ಹೋಗಿ ನೀರು ತರುವ ನೆಪ ಮಾಡಬೇಕೋ, ಇನ್ನೂ ತೀರ್ಮಾನವಾಗಿಲ್ಲ.